ರಾಯಚೂರಿನಲ್ಲಿ ತಣಿದ ಲೋಟ ಮಂಗಳೂರಿನಲ್ಲಿ ಏಕೆ ತಣಿಯಲಿಲ್ಲ?

ಪ್ರಶ್ನೆ: ನಾವು ರಾಯಚೂರಿನವರು. ಎಂಟನೇ ತರಗತಿಗೆ ಹೋಗುವ ಮಗಳು ಏಪ್ರಿಲ್ ರಜೆಯಲ್ಲಿ ಮನೆಯಲ್ಲೇ ಒಂದು ಪ್ರಯೋಗ ಮಾಡಿದಳು. ಸ್ಟೀಲ್ ಲೋಟಕ್ಕೆ ಒದ್ದೆ ಬಟ್ಟೆ ಸುತ್ತಿ, ನೀರು ತುಂಬಿಸಿ, ಫ್ಯಾನಿನ ಎದುರು ಇಟ್ಟಳು. ಕೋಣೆಯ ಉಷ್ಣಾಂಶ 39 ಡಿಗ್ರಿ ಇತ್ತು. 38 ಡಿಗ್ರಿ ಇದ್ದ ನೀರು ಮುಕ್ಕಾಲು ಗಂಟೆಯಲ್ಲಿ 26ಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಮಂಗಳೂರಿನ ಅಜ್ಜಿಯ ಮನೆಯಲ್ಲಿ ಅದೇ ಲೋಟ, ಅದೇ ಬಟ್ಟೆ, ಅದೇ ಥರ್ಮಾಮೀಟರ್ ಇಟ್ಟುಕೊಂಡು ಮತ್ತೆ ಮಾಡಿದಳು. ಈ ಸಲ 33 ಡಿಗ್ರಿಯಿಂದ 29.5ಕ್ಕೆ ಬಂದು ನಿಂತುಬಿಟ್ಟಿತು. ಎರಡು ಗಂಟೆ ಕಾದರೂ ಅಲುಗಲಿಲ್ಲ. ಶಾಲೆಯಲ್ಲಿ ತೋರಿಸಿದಾಗ ‘ಎರಡನೆಯದು ತಪ್ಪಾಗಿದೆ, ಮೊದಲನೆಯದನ್ನಷ್ಟೇ ಬರೆ’ ಎಂದರಂತೆ. ನಾವು ಎಲ್ಲಿ ತಪ್ಪಿದೆವು? ಫ್ಯಾನ್ ಗಾಳಿ ತಂಪಾಗಿಯೇ ಇತ್ತಲ್ಲ? ಪ್ರಯೋಗವನ್ನು ಸರಿಯಾಗಿ ಮಾಡುವುದು ಹೇಗೆ? (ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಅಕ್ಷರದಲ್ಲಿ: ಒದ್ದೆ ಬಟ್ಟೆ ಸುತ್ತಿದ ಬಾಟಲಿಯನ್ನು ಫ್ರಿಜ್ ಒಳಗೆ ಇಟ್ಟರೆ ಬೇಗ ತಣ್ಣಗಾಗುತ್ತದೆಯೇ ಸರ್?)

ಉತ್ತರ: ನೀವು ಎಲ್ಲಿಯೂ ತಪ್ಪಿಲ್ಲ. ಆ ಎರಡನೆಯ ಅಂಕಿಯನ್ನು ದಯವಿಟ್ಟು ಹೊಡೆದುಹಾಕಬೇಡಿ. ರಾಯಚೂರಿನ ಅಂಕಿ ಒಂದೇ ಇದ್ದಿದ್ದರೆ ನಿಮ್ಮ ಮಗಳ ಪ್ರಯೋಗ ‘ಒದ್ದೆ ಬಟ್ಟೆ ಸುತ್ತಿದರೆ ನೀರು ತಣ್ಣಗಾಗುತ್ತದೆ’ ಎಂದು ಹೇಳಿ ಸುಮ್ಮನಾಗುತ್ತಿತ್ತು. ಅದು ಎಲ್ಲ ಅಜ್ಜಿಯರಿಗೂ ಗೊತ್ತಿರುವ ಸಂಗತಿ. ಮಂಗಳೂರಿನ ಅಂಕಿ ಪಕ್ಕಕ್ಕೆ ಬಂದಾಗಲೇ ಅದು ಏಕೆ ತಣ್ಣಗಾಗುತ್ತದೆ ಎಂಬ ಪ್ರಶ್ನೆ ಹುಟ್ಟುತ್ತದೆ. ಒಂದು ಅಳತೆ ಇನ್ನೊಂದರಂತೆ ಬರಲಿಲ್ಲ ಎಂಬ ಕಾರಣಕ್ಕೆ ಅದನ್ನು ತಪ್ಪು ಎನ್ನುವುದು ನಮ್ಮ ಪ್ರಯೋಗಾಲಯಗಳ ಹಳೆಯ ಚಾಳಿ. ಮೂರು ದಶಕ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವನು ನಾನು; ಆ ಚಾಳಿ ನನಗೂ ಇತ್ತು.

ಮೊದಲು ಒಂದು ಮಾತು ಕೇಳುತ್ತೇನೆ. ಏಪ್ರಿಲ್ ಮಧ್ಯಾಹ್ನ ನಿಮ್ಮ ಮಾಳಿಗೆಯ ಮೇಲೆ ಹಿಂಡಿ ಹಾಕಿದ ಪಂಚೆ ಎಷ್ಟು ಹೊತ್ತಿಗೆ ಒಣಗುತ್ತದೆ? ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಗರಿಗರಿ. ಅದೇ ಪಂಚೆಯನ್ನು ಮಂಗಳೂರಿನ ಜಗಲಿಯಲ್ಲಿ ನೆರಳಿಗೆ ಹಾಕಿದರೆ ಸಂಜೆಯಾದರೂ ಅಂಚಿನಲ್ಲಿ ತೇವ ಉಳಿದಿರುತ್ತದೆ. ಜೂನ್ ಬಂದರಂತೂ ಮೂರು ದಿನವಾದರೂ ಒಣಗದೆ ವಾಸನೆ ಹಿಡಿಯುತ್ತದೆ. ಲೋಟಕ್ಕೆ ಸುತ್ತಿದ ಬಟ್ಟೆಯೂ ಆ ಪಂಚೆಯೂ ಒಂದೇ. ಪಂಚೆ ಬೇಗ ಒಣಗುವ ಊರಿನಲ್ಲಿ ಲೋಟ ಚೆನ್ನಾಗಿ ತಣಿಯುತ್ತದೆ. ಒಣಗದ ಊರಿನಲ್ಲಿ ತಣಿಯುವುದಿಲ್ಲ. ಲೋಟವನ್ನು ತಣಿಸುವುದು ಬಟ್ಟೆಯ ಒದ್ದೆತನ ಅಲ್ಲ, ಆ ಒದ್ದೆ ಆರುವ ಕೆಲಸ. ಇದೊಂದನ್ನು ಹಿಡಿದರೆ ಉಳಿದ ಎಲ್ಲವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಫ್ಯಾನಿನ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಫ್ಯಾನ್ ಗಾಳಿ ತಂಪಲ್ಲ. ನಂಬಿಕೆ ಬರದಿದ್ದರೆ ಒಣಗಿದ ಥರ್ಮಾಮೀಟರನ್ನು ಫ್ಯಾನಿನ ಎದುರು ಹತ್ತು ನಿಮಿಷ ತೂಗುಹಾಕಿ ನೋಡಿ. ಕೋಣೆಯಲ್ಲಿ 39 ಇದ್ದರೆ ಅದೂ 39 ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತಿರುಗಿದರೆ ಮೋಟರಿನ ಬಿಸಿ ಸೇರಿ ಕೋಣೆ ಒಂದು ಕೂದಲೆಳೆಯಷ್ಟು ಬೆಚ್ಚಗೇ ಆಗುತ್ತದೆ. ನಮಗೆ ತಂಪೆನಿಸುವುದು ಮೈಮೇಲಿನ ಬೆವರನ್ನು ಆ ಗಾಳಿ ಆರಿಸುವುದರಿಂದ. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. 42 ಡಿಗ್ರಿಯ ಮಧ್ಯಾಹ್ನದಲ್ಲಿ ಬೆವರೇ ಇಲ್ಲದ ಒಣ ಮೈಗೆ ಫ್ಯಾನ್ ಬೀಸಿದರೆ ಅದು ಬಿಸಿಗಾಳಿಯನ್ನೇ ತಂದು ಹಚ್ಚುತ್ತದೆ. ರಾಯಚೂರಿನವರಿಗೆ ಆ ಝಳದ ಪರಿಚಯವನ್ನು ನಾನು ಮಾಡಿಕೊಡಬೇಕಿಲ್ಲ.

ಈಗ ಬಟ್ಟೆಯೊಳಗೆ ಏನು ನಡೆಯುತ್ತದೆ ನೋಡೋಣ. ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುತ್ತಿರುವುದಿಲ್ಲ. ಕೆಲವು ನಿಧಾನ, ಕೆಲವು ಚುರುಕು. ಪಕ್ಕದ ಅಣುಗಳ ಸೆಳೆತವನ್ನು ಹರಿದುಕೊಂಡು ಗಾಳಿಗೆ ಹಾರುವ ಶಕ್ತಿ ಇರುವುದು ಚುರುಕಾದವಕ್ಕೆ ಮಾತ್ರ. ಊರಿನ ಶ್ರೀಮಂತರೆಲ್ಲ ಗಂಟು ಕಟ್ಟಿಕೊಂಡು ಊರು ಬಿಟ್ಟರೆ, ಉಳಿದವರಲ್ಲಿ ಯಾರೂ ಹೊಸದಾಗಿ ಬಡವರಾಗದಿದ್ದರೂ ಊರಿನ ಸರಾಸರಿ ಸಿರಿವಂತಿಕೆ ಕುಸಿಯುತ್ತದಲ್ಲ, ಹಾಗೆ. ಉಳಿದ ನೀರಿನ ಸರಾಸರಿ ಶಕ್ತಿ ಇಳಿಯುತ್ತದೆ. ಉಷ್ಣಾಂಶ ಎಂದರೆ ಆ ಸರಾಸರಿಯೇ.

ಹೊರಟವರು ಒಯ್ಯುವ ಗಂಟು ಸಣ್ಣದಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸುವ ಶಾಖಕ್ಕೆ ಒಂದು ಕ್ಯಾಲೊರಿ ಎನ್ನುತ್ತೇವೆ. 30 ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ಏರಿಸಲು 70 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರು 30 ಡಿಗ್ರಿಯಲ್ಲೇ ಸದ್ದಿಲ್ಲದೆ ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಹೊತ್ತೊಯ್ಯುತ್ತದೆ. ಎಂಟು ಪಟ್ಟಿಗಿಂತ ಹೆಚ್ಚು! 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕ ಈ ಶಾಖದ ಬೆನ್ನು ಹತ್ತಿದ. ಥರ್ಮಾಮೀಟರಿನಲ್ಲಿ ಕಾಣಿಸದೆ ಅಡಗಿಕೊಳ್ಳುವುದರಿಂದ ಅದಕ್ಕೆ ಗುಪ್ತೋಷ್ಣ ಎಂಬ ಹೆಸರು ನಿಂತಿದೆ.

ಮಗಳ ಲೋಟಕ್ಕೇ ಲೆಕ್ಕ ಹಾಕೋಣ. ಲೋಟದಲ್ಲಿ 200 ಮಿಲಿಲೀಟರ್ ನೀರು ಇತ್ತು ಎಂದಿಟ್ಟುಕೊಳ್ಳಿ. ಅದು 12 ಡಿಗ್ರಿ ಇಳಿಯಬೇಕಾದರೆ 2,400 ಕ್ಯಾಲೊರಿ ಹೊರಹೋಗಬೇಕು. 580ರಿಂದ ಭಾಗಿಸಿದರೆ ನಾಲ್ಕು ಗ್ರಾಂ ಚಿಲ್ಲರೆ. ಒಂದು ಟೀ ಚಮಚಕ್ಕಿಂತ ಕಡಿಮೆ ನೀರು ಬಟ್ಟೆಯಿಂದ ಆರಿದರೆ ಒಂದು ಲೋಟ ನೀರು 38ರಿಂದ 26ಕ್ಕೆ ಇಳಿಯಬಲ್ಲದು. ಆದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಲೋಟವನ್ನು ಬಟ್ಟೆಸಮೇತ ಮೊದಲು ಮತ್ತು ಕೊನೆಗೆ ತೂಗಿದ್ದರೆ ನಾಲ್ಕಲ್ಲ, ಎಂಟೋ ಹತ್ತೋ ಗ್ರಾಂ ಕಡಿಮೆಯಾಗಿರುವುದನ್ನು ಕಾಣುತ್ತಿದ್ದಿರಿ. ಉಳಿದ ನೀರು ಎಲ್ಲಿ ಖರ್ಚಾಯಿತು? ಲೋಟ ತಣ್ಣಗಾಗುತ್ತ ಹೋದಂತೆ ಸುತ್ತಲಿನ 39 ಡಿಗ್ರಿಯ ಗಾಳಿ ಅದನ್ನು ಮತ್ತೆ ಬಿಸಿ ಮಾಡಲು ನುಗ್ಗುತ್ತಲೇ ಇರುತ್ತದೆ. ಹೆಚ್ಚಿನ ನೀರು ಆರಿದ್ದು ಆ ನುಗ್ಗುವ ಬಿಸಿಯನ್ನು ಹೊರಗಟ್ಟಲು. ತೂಕ ನೋಡದೆ ಮಾಡಿದ ಪ್ರಯೋಗದಲ್ಲಿ ಈ ಅರ್ಧ ಕಥೆ ಕಾಣುವುದೇ ಇಲ್ಲ. ಮುಂದಿನ ಸಲ ತಕ್ಕಡಿಯನ್ನು ಮರೆಯಬೇಡಿ.

ಮಂಗಳೂರಿನ ಲೋಟ 29.5ಕ್ಕೆ ಬಂದು ಏಕೆ ನಿಂತಿತು ಎಂಬುದಕ್ಕೆ ಉತ್ತರ ಈ ಜಗ್ಗಾಟದಲ್ಲೇ ಇದೆ. ಆರುವ ನೀರು ಶಾಖವನ್ನು ಹೊರಗೆ ಒಯ್ಯುತ್ತದೆ, ಗಾಳಿ ಒಳಗೆ ತರುತ್ತದೆ. ಲೋಟ ತಣ್ಣಗಾದಷ್ಟೂ ಆರುವಿಕೆ ಮಂದವಾಗುತ್ತದೆ, ಒಳನುಗ್ಗುವ ಬಿಸಿ ಜೋರಾಗುತ್ತದೆ. ಎಲ್ಲೋ ಒಂದು ಕಡೆ ಇವೆರಡೂ ಸರಿಸಮವಾಗಲೇಬೇಕು. ಅಲ್ಲಿಂದ ಮುಂದೆ ಎರಡು ಗಂಟೆಯಲ್ಲ, ಇಡೀ ದಿನ ಕಾದರೂ ಮುಳ್ಳು ಕದಲುವುದಿಲ್ಲ. ಆ ತಳಕ್ಕೆ ಒದ್ದೆ ಬಲ್ಬ್ ತಾಪಮಾನ ಎಂದು ಹೆಸರು. ಪತ್ರಿಕೆಗಳಲ್ಲಿ ವೆಟ್ ಬಲ್ಬ್ ಎಂದು ಓದಿರುತ್ತೀರಿ. ಫ್ಯಾನ್ ಆ ತಳವನ್ನು ಬೇಗ ಮುಟ್ಟಿಸುತ್ತದೆ, ಇನ್ನೂ ಆಳಕ್ಕೆ ಇಳಿಸಲಾರದು. ತಳ ಎಷ್ಟು ಆಳದಲ್ಲಿದೆ ಎಂಬುದನ್ನು ನಿರ್ಧರಿಸುವುದು ಗಾಳಿಯಲ್ಲಿ ಆಗಲೇ ಇರುವ ನೀರಿನ ಆವಿ. ಏಕೆಂದರೆ ಬಟ್ಟೆಯಿಂದ ಅಣುಗಳು ಹಾರುವಂತೆಯೇ ಗಾಳಿಯಲ್ಲಿರುವ ಅಣುಗಳು ಬಟ್ಟೆಗೆ ವಾಪಸ್ಸು ಬಂದು ಬೀಳುತ್ತಲೂ ಇರುತ್ತವೆ, ಬರುವಾಗ ಆ ಗಂಟನ್ನೂ ಹೊತ್ತು ತರುತ್ತವೆ. ಕರಾವಳಿಯಲ್ಲಿ ಈ ವಾಪಸ್ಸು ಬರುವವರ ಸಾಲು ಉದ್ದ.

ಎಷ್ಟು ಉದ್ದ? ನಿಮ್ಮ ರಾಯಚೂರಿನ ಮಧ್ಯಾಹ್ನಕ್ಕೆ 39 ಡಿಗ್ರಿ, ಆರ್ದ್ರತೆ ಶೇಕಡ 25 ಎಂದಿಟ್ಟುಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ಅದು ಅಪರೂಪವಲ್ಲ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 12 ಗ್ರಾಂ ನೀರಿನ ಆವಿ ಇರುತ್ತದೆ. ಆ ಉಷ್ಣಾಂಶದಲ್ಲಿ ಇರಬಹುದಾದ ಗರಿಷ್ಠ 48 ಗ್ರಾಂ ಚಿಲ್ಲರೆ. ಅಂದರೆ ಇನ್ನೂ 36 ಗ್ರಾಮಿಗೆ ಜಾಗವಿದೆ. ಮಂಗಳೂರಿನಲ್ಲಿ 33 ಡಿಗ್ರಿ, ಆರ್ದ್ರತೆ ಶೇಕಡ 70 ಎಂದರೆ ಘನ ಮೀಟರಿಗೆ ಆಗಲೇ 25 ಗ್ರಾಂ ಇದೆ, ಜಾಗ ಇರುವುದು ಹತ್ತು ಗ್ರಾಮಿಗೆ ಮಾತ್ರ. (ಗಾಳಿ ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಗಾಳಿ ಏನನ್ನೂ ಹಿಡಿಯುವುದಿಲ್ಲ, ಮಿತಿ ಬರುವುದು ಉಷ್ಣಾಂಶದಿಂದ. ‘ಜಾಗ’ ಎಂಬ ಮಾತನ್ನು ನಾನೂ ಅನುಕೂಲಕ್ಕೆ ಬಳಸಿದ್ದೇನೆ, ಅಷ್ಟೇ.) ಈ ಎರಡು ಗಾಳಿಗಳಿಗೆ ಒದ್ದೆ ಬಲ್ಬಿನ ತಳ ಕ್ರಮವಾಗಿ ಸುಮಾರು 23 ಡಿಗ್ರಿ ಮತ್ತು 28.5 ಡಿಗ್ರಿ. ನಿಮ್ಮ ಮಗಳಿಗೆ ಬಂದದ್ದು 26 ಮತ್ತು 29.5. ಎರಡೂ ಕಡೆ ಲೋಟ ತಳದ ಹತ್ತಿರಕ್ಕೆ ಬಂದಿದೆ. ಹಾಗೆ ನೋಡಿದರೆ ಮಂಗಳೂರಿನಲ್ಲೇ ಹೆಚ್ಚು ಹತ್ತಿರ ಬಂದಿದೆ! ತಪ್ಪೆಂದು ಹೇಳಿದ ಅಂಕಿಯೇ ಎರಡರಲ್ಲಿ ಹೆಚ್ಚು ಅಚ್ಚುಕಟ್ಟಾದದ್ದು.

ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಕಾಲುಗಳ ಮೇಲೆ ನಿಂತಿರುವ, ಪಟ್ಟಿ ಪಟ್ಟಿ ಗೋಡೆಯ ಬಿಳಿ ಮರದ ಪೆಟ್ಟಿಗೆಯನ್ನು ನೋಡಿರಬಹುದು. ಅದರೊಳಗೆ ಎರಡು ಥರ್ಮಾಮೀಟರ್ ಅಕ್ಕಪಕ್ಕ ಇರುತ್ತವೆ. ಒಂದು ಒಣ ಬಲ್ಬ್. ಇನ್ನೊಂದರ ಬಲ್ಬಿಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ಸಣ್ಣ ನೀರಿನ ಬಾಟಲಿಗೆ ಇಳಿಬಿಟ್ಟಿರುತ್ತಾರೆ. ಎರಡರ ನಡುವಿನ ಅಂತರ ನೋಡಿ ಕೋಷ್ಟಕದಿಂದ ಆರ್ದ್ರತೆ ತೆಗೆಯುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನಿಮ್ಮ ಮಗಳು ಗೊತ್ತಿಲ್ಲದೆಯೇ ಲೋಟದ ಗಾತ್ರದ ಒದ್ದೆ ಬಲ್ಬ್ ಮಾಡಿ, ಎರಡು ಊರುಗಳ ಗಾಳಿಯನ್ನು ಅಳೆದುಬಿಟ್ಟಿದ್ದಾಳೆ. ರಾಯಚೂರಿನದು ಝಳ, ಮಂಗಳೂರಿನದು ಸೆಕೆ ಎಂದು ಕನ್ನಡಕ್ಕೆ ಮೊದಲೇ ಗೊತ್ತಿತ್ತು. ಅವಳು ಅದಕ್ಕೆ ಅಂಕಿ ಕೊಟ್ಟಳು.

ಇನ್ನು ಪ್ರಯೋಗವನ್ನು ಗಟ್ಟಿ ಮಾಡುವ ಬಗೆ. ಒಂದು ಲೋಟ ಸಾಲದು, ನಾಲ್ಕು ಬೇಕು. ನಾಲ್ಕೂ ಒಂದೇ ಅಳತೆಯ ಸ್ಟೀಲ್ ಲೋಟಗಳಾಗಿರಲಿ, ಒಂದೊಂದಕ್ಕೂ 200 ಗ್ರಾಂ ನೀರು. ಮೊದಲನೆಯದು ಬರಿಯ ಲೋಟ. ಎರಡನೆಯದಕ್ಕೆ ಒಣ ಬಟ್ಟೆ ಸುತ್ತಿ. ಮೂರನೆಯದಕ್ಕೆ ಅದೇ ಬಟ್ಟೆಯ ಇನ್ನೊಂದು ತುಂಡನ್ನು ಒದ್ದೆ ಮಾಡಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ ಸುತ್ತಿ. ನಾಲ್ಕನೆಯದಕ್ಕೂ ಹಾಗೆಯೇ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ನನ್ನ ಪಾಲಿಗೆ ಇಡೀ ಪ್ರಯೋಗದ ಜೀವ ಈ ನಾಲ್ಕನೆಯ ಲೋಟ. ಇದೂ ಮೂರನೆಯದರಷ್ಟೇ ಒದ್ದೆ, ಅದರಷ್ಟೇ ಬಟ್ಟೆ, ಅದರ ಮುಂದೆಯೂ ಅದೇ ಫ್ಯಾನ್. ಆದರೂ ತಣಿಯುವುದಿಲ್ಲ, ಏಕೆಂದರೆ ಆರಲು ದಾರಿಯಿಲ್ಲ. ಅರ್ಧ ಗಂಟೆಯ ನಂತರ ಮೂರು ಮತ್ತು ನಾಲ್ಕನೆಯ ಲೋಟಗಳನ್ನು ಒಂದೊಂದು ಅಂಗೈಯಲ್ಲಿ ಹಿಡಿದು ನೋಡಲು ಮಗಳಿಗೆ ಹೇಳಿ. ಆ ಒಂದು ಕ್ಷಣ ನನ್ನ ಈ ಉದ್ದ ಉತ್ತರಕ್ಕಿಂತ ಹೆಚ್ಚು ಕಲಿಸುತ್ತದೆ.

ಬಟ್ಟೆ ಹಳೆಯ ಹತ್ತಿಯ ಪಂಚೆಯದ್ದಾದರೆ ಒಳ್ಳೆಯದು, ತೊಳೆದು ತೊಳೆದು ಮೆತ್ತಗಾದದ್ದು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಪಾಲಿಯೆಸ್ಟರ್ ಬೇಡ. ಟ್ಯಾಂಕಿನಿಂದ ಹಿಡಿದ ನೀರನ್ನು ನೇರವಾಗಿ ಬಳಸಬೇಡಿ. ಬಿಸಿಲಿನಲ್ಲಿ ಕಾದ ಟ್ಯಾಂಕಿನ ನೀರು ಏನೂ ಮಾಡದೆಯೇ ಇಳಿಯುತ್ತದೆ, ನೀವು ಅದರ ಶ್ರೇಯಸ್ಸನ್ನು ಬಟ್ಟೆಗೆ ಕೊಟ್ಟುಬಿಡುತ್ತೀರಿ. ಹಿಂದಿನ ರಾತ್ರಿಯೇ ಒಂದು ಪಾತ್ರೆಯಲ್ಲಿ ನೀರು ತುಂಬಿಸಿ, ತಟ್ಟೆ ಮುಚ್ಚಿ, ಅದೇ ಕೋಣೆಯಲ್ಲಿಡಿ. ಲೋಟಗಳನ್ನು ನೇರವಾಗಿ ಕಲ್ಲುಹಾಸಿನ ಮೇಲೆ ಇಡದೆ ಥರ್ಮೋಕೋಲ್ ತುಂಡಿನ ಮೇಲಿಡಿ. ಲೋಟದ ಬಾಯಿಗೂ ಒಂದು ಮುಚ್ಚಳ ಇರಲಿ. ರಾಯಚೂರಿನ ಲೋಟ 26ಕ್ಕೇ ನಿಂತದ್ದು, 23ಕ್ಕೆ ಇಳಿಯದೇ ಹೋದದ್ದು, ಬಹುಶಃ ಈ ತಳ ಮತ್ತು ಬಾಯಿಗಳಿಂದ ನುಸುಳಿದ ಬಿಸಿಯಿಂದ. ಕಾದ ಗೋಡೆಗಳ ಶಾಖವೂ ಅದರ ಜೊತೆ ಸೇರಿರುತ್ತದೆ.

ಥರ್ಮಾಮೀಟರ್ ಬಗ್ಗೆ ಒಂದೆರಡು ಮಾತು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ 32 ಡಿಗ್ರಿಗಿಂತ ಕೆಳಗೆ ಅದು ಓದುವುದೇ ಇಲ್ಲ, ಪಾದರಸದ್ದಾದರೆ ತಾನಾಗಿ ಇಳಿಯುವುದೂ ಇಲ್ಲ. ಹಣೆಗೆ ಗುರಿಯಿಟ್ಟು ನೋಡುವ ಇನ್ಫ್ರಾರೆಡ್ ಉಪಕರಣ ಹೊಳೆಯುವ ಸ್ಟೀಲಿನ ಮುಂದೆ ಸುಳ್ಳು ಹೇಳುತ್ತದೆ, ಲೋಟದ ಬದಲು ಎದುರಿನ ಗೋಡೆಯ ಪ್ರತಿಬಿಂಬವನ್ನು ಓದುತ್ತದೆ. ಮೀನಿನ ತೊಟ್ಟಿಗೆ ಬಳಸುವ, ತಂತಿಯ ತುದಿಯಲ್ಲಿ ಸಂವೇದಕ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಅಗ್ಗ, ಕೆಲಸಕ್ಕೂ ಸಾಕು. ಶಾಲಾ ಪ್ರಯೋಗಾಲಯದ ಕೆಂಪು ದ್ರವದ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಯಾವುದನ್ನೇ ಬಳಸಿದರೂ ತುದಿ ನೀರಿನೊಳಗೆ ಇರುವಾಗಲೇ ಓದಬೇಕು.

ಈ ಕೊನೆಯ ಮಾತಿಗೆ ನಾನು ಬೆಲೆ ತೆತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೇಸಿಗೆಯಲ್ಲಿ, ವಿದ್ಯಾರ್ಥಿಗಳ ಅಂಕಿಗಳು ನನ್ನ ಅಂಕಿಗಿಂತ ಪ್ರತಿ ಸಲವೂ ಎರಡು ಡಿಗ್ರಿ ಕಡಿಮೆ ಬರುತ್ತಿದ್ದವು. ಥರ್ಮಾಮೀಟರ್ ಬದಲಿಸಿದೆ, ಬೀಕರ್ ಬದಲಿಸಿದೆ, ಹುಡುಗರನ್ನು ಬೈದೆ. ಒಂದು ವಾರ ಹೀಗೇ ಹೋಯಿತು. ಕೊನೆಗೆ ಪ್ರಯೋಗಾಲಯದ ಸಹಾಯಕರು ಮೆಲ್ಲಗೆ ತೋರಿಸಿದರು: ಹುಡುಗರು ಥರ್ಮಾಮೀಟರನ್ನು ನೀರಿನಿಂದ ಹೊರಗೆ ತೆಗೆದು, ಫ್ಯಾನಿನ ಕೆಳಗೆ ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದರು. ಒದ್ದೆಯಾದ ಬಲ್ಬು ಗಾಳಿಗೆ ಬಂದೊಡನೆ ಆರತೊಡಗುತ್ತದೆ, ಆರತೊಡಗಿದೊಡನೆ ತಣಿಯುತ್ತದೆ. ನಾವು ಅಧ್ಯಯನ ಮಾಡಬೇಕಿದ್ದ ಸಂಗತಿಯೇ ನಮ್ಮ ಅಳತೆಯನ್ನು ಕೆಡಿಸುತ್ತಿತ್ತು, ನನಗೆ ಕಾಣಲಿಲ್ಲ. ಮಗಳ ಅಂಕಿಗಳೂ ಹಾಗೆ ಹೊರತೆಗೆದು ಓದಿದವೋ ಎಂದು ಒಮ್ಮೆ ಕೇಳಿ. ಆಗಿದ್ದರೆ ರಾಯಚೂರಿನ ಅಂಕಿಯೇ ಹೆಚ್ಚು ಕೆಟ್ಟಿರುತ್ತದೆ, ಮಂಗಳೂರಿನದ್ದಲ್ಲ.

ಮಂಗಳೂರಿನಲ್ಲೇ ಮಾಡಿ ಬೆರಗಾಗಬಹುದಾದ ಪ್ರಯೋಗ ಒಂದಿದೆ. ಒದ್ದೆ ಬಟ್ಟೆಗೆ ನೀರಿನ ಬದಲು ಸ್ಪಿರಿಟ್ ಹಾಕಿ. ಆಲ್ಕೊಹಾಲ್ ಹೆಚ್ಚಿರುವ ತೆಳು ಸ್ಯಾನಿಟೈಸರ್ ಆದರೂ ನಡೆಯುತ್ತದೆ. ಲೋಟ ಬೇಡ, ಥರ್ಮಾಮೀಟರಿನ ತುದಿಗೆ ಸುತ್ತಿದ ಬೆರಳುದ್ದದ ಬತ್ತಿ ಸಾಕು. ಒಲೆ, ಊದುಬತ್ತಿ, ದೀಪ ಯಾವುದೂ ಆ ಕೋಣೆಯಲ್ಲಿ ಇರಕೂಡದು, ದೊಡ್ಡವರೊಬ್ಬರು ಜೊತೆಗಿರಬೇಕು. ನೀರು ಇಳಿಸಲಾರದ ಮಟ್ಟಕ್ಕಿಂತ ಕೆಳಗೆ ಸ್ಪಿರಿಟ್ ಇಳಿಸುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಿನ ಆವಿ ತುಂಬಿದೆ, ನಿಜ. ಆದರೆ ಸ್ಪಿರಿಟ್‌ನ ಆವಿ ಇಲ್ಲವಲ್ಲ! ಹಾರಿದ ಸ್ಪಿರಿಟ್ ಅಣುಗಳಿಗೆ ಎದುರಾಗಿ ವಾಪಸ್ಸು ಬರುವವರು ಯಾರೂ ಇಲ್ಲ. ಅಜ್ಜಿಯ ಮನೆಯ ಗಾಳಿ ನೀರಿನ ಪಾಲಿಗೆ ತುಂಬಿದ ಬಸ್ಸು, ಸ್ಪಿರಿಟ್ ಪಾಲಿಗೆ ಖಾಲಿ ಬಸ್ಸು.

1758ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಹ್ಯಾಡ್ಲಿ ಕೇಂಬ್ರಿಜ್‌ನಲ್ಲಿ ಇದನ್ನೇ ಈಥರ್ ಎಂಬ, ಸ್ಪಿರಿಟ್‌ಗಿಂತಲೂ ಬೇಗ ಆರುವ ದ್ರವ ಬಳಸಿ ಮಾಡಿದರು. ಥರ್ಮಾಮೀಟರಿನ ಬಲ್ಬಿಗೆ ಈಥರ್ ಹಚ್ಚುವುದು, ತಿದಿಯಿಂದ ಗಾಳಿ ಊದುವುದು, ಮತ್ತೆ ಹಚ್ಚುವುದು. ಸುಮಾರು 18 ಡಿಗ್ರಿ ಸೆಲ್ಸಿಯಸ್ ಇದ್ದ ಕೋಣೆಯಲ್ಲಿ ಥರ್ಮಾಮೀಟರ್ ಸೊನ್ನೆಯನ್ನೂ ದಾಟಿ ಮೈನಸ್ 14ರವರೆಗೆ ಇಳಿಯಿತು. ಬಲ್ಬಿನ ಸುತ್ತ ಕಾಲು ಇಂಚು ದಪ್ಪದ ಮಂಜುಗಡ್ಡೆ ಕಟ್ಟಿತು. ಬೇಸಿಗೆಯ ದಿನದಲ್ಲೂ ಮನುಷ್ಯನನ್ನು ಹೀಗೆ ಚಳಿಗೆ ಕೊಲ್ಲಬಹುದು ಎಂದು ಫ್ರಾಂಕ್ಲಿನ್ ಗೆಳೆಯನಿಗೆ ಬರೆದ. ಈಥರ್ ಮನೆಯಲ್ಲಿ ಮುಟ್ಟುವ ವಸ್ತುವಲ್ಲ, ಅದನ್ನು ಅವರಿಗೇ ಬಿಡೋಣ.

ಗಡಿಗೆಯ ನೀರಿನ ಕಥೆಯೂ ಇದೇ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆರುತ್ತದೆ. ಅದಕ್ಕೇ ಬಣ್ಣ ಬಳಿದು ಮೆರುಗು ಕೊಟ್ಟ, ಹೂಬಳ್ಳಿ ಬಿಡಿಸಿದ ಮಡಕೆಗಳನ್ನು ಕೊಳ್ಳಬೇಡಿ ಎನ್ನುತ್ತೇನೆ. ಅವು ನಮ್ಮ ನಾಲ್ಕನೆಯ ಲೋಟವಿದ್ದಂತೆ. ‘ಕಳೆದ ವರ್ಷ ಚೆನ್ನಾಗಿ ತಣ್ಣಗಾಗುತ್ತಿತ್ತು, ಈ ವರ್ಷ ಇಲ್ಲ’ ಎಂದು ದೂರುವವರ ಮನೆಯಲ್ಲಿ ಸಾಮಾನ್ಯವಾಗಿ ಕೊಳವೆಬಾವಿಯ ಗಡಸು ನೀರು ಇರುತ್ತದೆ. ನೀರು ಆರಿಹೋದರೂ ಅದರ ಲವಣ ರಂಧ್ರಗಳಲ್ಲೇ ಉಳಿದು ದಾರಿ ಮುಚ್ಚುತ್ತದೆ. ಹೊರಮೈಯಲ್ಲಿ ಬಿಳಿ ಪುಡಿ ಕಂಡರೆ ತೆಂಗಿನ ನಾರಿನಿಂದ ಉಜ್ಜಿ ನೋಡಿ. ಸೋಪು ಹಾಕಬೇಡಿ, ಮಣ್ಣು ಅದನ್ನೂ ಹೀರುತ್ತದೆ. ನೈಜೀರಿಯಾದ ಅಧ್ಯಾಪಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ನೀರುಣಿಸಿ, ತರಕಾರಿ ಕೆಡದಂತೆ ಇಡುವ ಮಡಕೆಗಳನ್ನು ಹಳ್ಳಿಗಳಿಗೆ ಹಂಚಿದರು. ಅಲ್ಲಿನ ಉತ್ತರ ಭಾಗ ನಿಮ್ಮ ರಾಯಚೂರಿನಂತೆ ಒಣ ಪ್ರದೇಶ, ಅದಕ್ಕೇ ಅದು ಗೆದ್ದಿತು. ಅದನ್ನೇ ಉಡುಪಿಯಲ್ಲೋ ಕಾರವಾರದಲ್ಲೋ ಮಾಡಿ ಟೊಮೆಟೊ ಕೊಳೆಯಿತೆಂದು ಬೇಸರಿಸುವುದರಲ್ಲಿ ಅರ್ಥವಿಲ್ಲ. ಏರ್ ಕೂಲರ್ ಕೊಳ್ಳುವವರಿಗೂ ಇದೇ ಮಾತು. ಒಣ ಊರಿನಲ್ಲಿ ಲಾವಂಚದ ತಟ್ಟಿಯ ಕೂಲರ್ ಸೊಗಸು, ಆದರೆ ಎದುರಿನ ಕಿಟಕಿ ತೆರೆದಿರಬೇಕು. ಕಿಟಕಿ ಮುಚ್ಚಿ ಕುಳಿತರೆ ಅರ್ಧ ಗಂಟೆಯಲ್ಲಿ ನಿಮ್ಮ ಕೋಣೆಯೇ ಮಂಗಳೂರಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ನಮ್ಮ ದೇಹವೂ ಒದ್ದೆ ಬಟ್ಟೆ ಸುತ್ತಿದ ಲೋಟವೇ. ಒದ್ದೆ ಬಲ್ಬ್ ತಾಪಮಾನ 35 ಡಿಗ್ರಿ ತಲುಪಿದರೆ, ನೆರಳಿನಲ್ಲಿ ಕುಳಿತು ಫ್ಯಾನ್ ಹಾಕಿಕೊಂಡ ಆರೋಗ್ಯವಂತನ ಬೆವರೂ ದೇಹದ ಶಾಖವನ್ನು ಹೊರಹಾಕಲಾರದು. ಇದು ಲೆಕ್ಕದಿಂದ ಬಂದ ಮಿತಿ. ಮನುಷ್ಯರ ಮೇಲೆ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಗಳಲ್ಲಿ ತೊಂದರೆ ಅದಕ್ಕಿಂತ ಕೆಲವು ಡಿಗ್ರಿ ಮೊದಲೇ ಶುರುವಾಗುವುದು ಕಂಡಿದೆ. ವಯಸ್ಸಾದವರಿಗೆ, ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಬೇಗ. ಆದ್ದರಿಂದ ಕರಾವಳಿಯ 34 ಡಿಗ್ರಿಯನ್ನು ರಾಯಚೂರಿನ 42ರ ಪಕ್ಕದಲ್ಲಿಟ್ಟು ‘ಇದೇನು ಮಹಾ’ ಎನ್ನಬೇಡಿ. ಅಜ್ಜಿ ಸೆಕೆ ಎಂದು ಸೆರಗಿನಿಂದ ಬೀಸಿಕೊಳ್ಳುವಾಗ ಅವರ ಬೆವರು ಆರದೆ ಹಾಗೇ ಇಳಿಯುತ್ತಿರುತ್ತದೆ. ಇಳಿದು ಹೋದ ಬೆವರು ತಣಿಸುವುದಿಲ್ಲ.

ಶಾಲೆಗೆ ಏನು ಬರೆಯಬೇಕು ಎಂದರೆ, ಎರಡೂ ಊರಿನ ಅಂಕಿಗಳನ್ನು ಒಂದೇ ಪುಟದಲ್ಲಿ ಬರೆಯಲಿ. ಪ್ರತಿ ಐದು ನಿಮಿಷಕ್ಕೊಮ್ಮೆ ನೀರಿನ ಉಷ್ಣಾಂಶ, ಅದರ ಪಕ್ಕ ಕೋಣೆಯ ಉಷ್ಣಾಂಶ, ಮೊದಲಿನ ಮತ್ತು ಕೊನೆಯ ತೂಕ, ದಿನಾಂಕ, ಹೊತ್ತು. ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದರೆ ಎರಡೂ ಮೊದಲು ಕಡಿದಾಗಿ ಇಳಿದು ಆಮೇಲೆ ಮಟ್ಟಸವಾಗುವುದು ಕಾಣುತ್ತದೆ. ಮಟ್ಟಸವಾದ ಆ ಭಾಗಕ್ಕೆ ಅವಳೇ ಬಣ್ಣ ಹಚ್ಚಲಿ.

ಇನ್ನು ಪೆನ್ಸಿಲಿನ ಪ್ರಶ್ನೆ. ನಿನ್ನ ಊಹೆ ಸರಿ ಪುಟ್ಟಿ, ಒದ್ದೆ ಬಟ್ಟೆಯ ಬಾಟಲಿ ಮೊದಮೊದಲು ಬೇಗ ತಣಿಯುತ್ತದೆ. ಫ್ರಿಜ್ಜಿನ ಗಾಳಿ ಐದಾರು ಡಿಗ್ರಿಯದು. ಅಷ್ಟು ತಣ್ಣನೆಯ ಗಾಳಿಯಲ್ಲಿ ಇರುವ ನೀರಿನ ಆವಿ ಬಹಳ ಕಡಿಮೆ. 30 ಡಿಗ್ರಿಯ ಒದ್ದೆ ಬಟ್ಟೆಗೆ ಅದು ರಾಯಚೂರಿಗಿಂತ ಒಣ ಊರು. ಒಳಗೆ ಸಣ್ಣ ಫ್ಯಾನ್ ತಿರುಗುವ ಫ್ರಿಜ್ಜಾದರೆ ಇನ್ನೂ ಚುರುಕು. ಆದರೆ ಬಾಟಲಿ ಫ್ರಿಜ್ಜಿನ ಉಷ್ಣಾಂಶದ ಹತ್ತಿರ ಬಂದಂತೆ ಈ ಲಾಭ ಕರಗುತ್ತ ಹೋಗುತ್ತದೆ, ಕೆಲವು ಗಂಟೆಗಳ ನಂತರ ಒದ್ದೆ ಬಾಟಲಿ, ಬರಿಯ ಬಾಟಲಿ ಎರಡೂ ಹೆಚ್ಚುಕಡಿಮೆ ಒಂದೇ ಎನಿಸಬಹುದು. ಎಷ್ಟು ನಿಮಿಷದವರೆಗೆ ಒದ್ದೆ ಬಾಟಲಿ ಮುಂದಿರುತ್ತದೆ ಎಂಬುದನ್ನು ನೀನೇ ಅಳೆದು ನೋಡು. ಪ್ರತಿ ಸಲ ಬಾಗಿಲು ತೆರೆದಾಗ ಹೊರಗಿನ ಗಾಳಿ ಒಳಗೆ ಬಂದು ಲೆಕ್ಕ ಕೆಡಿಸುತ್ತದೆ, ಅದಕ್ಕೆ ತಂತಿಯ ಥರ್ಮಾಮೀಟರನ್ನು ಬಾಗಿಲ ರಬ್ಬರಿನ ಸಂದಿಯಿಂದ ಒಳಗೆ ಬಿಟ್ಟು ಹೊರಗೆ ಕುಳಿತು ಓದು. ಬಾಟಲಿ ಪ್ಲಾಸ್ಟಿಕ್‌ನದ್ದೋ ಸ್ಟೀಲಿನದ್ದೋ ಆಗಿರಲಿ. ಗಾಜಿನ ಬಾಟಲಿ ತುಂಬ ನೀರು ತುಂಬಿಸಿ ಫ್ರೀಜರಿನಲ್ಲಿ ಇಟ್ಟೀಯೆ, ಒಡೆದು ಚೂರಾಗುತ್ತದೆ. ಅಮ್ಮನಿಂದ ಬೈಸಿಕೊಳ್ಳುವಾಗ ನನ್ನ ಹೆಸರು ಹೇಳಬೇಡ.